ಎರಡು ಚುಕ್ಕಿ ಅಂದರೆ ಫಾರ್ಟಿ, ಸ್ವಾಮಿ

ಕಳೆದ ವಾರ ನಮ್ಮ ಮನೆಯವರು ಒಂದು ಎಂಜಿನ್ ಕೊಂದರು. ಫೋನಿನಲ್ಲಿ. ಕಾಫಿ ಕುಡಿಯುತ್ತಾ.

ಅವರು ಕೆಟ್ಟವರಲ್ಲ. ಇರುವೆ ಸಾಲು ಕಂಡರೆ ದಾಟಿಕೊಂಡು ನಡೆಯುವ ಮನುಷ್ಯ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವರು. ಚಾಮರಾಜನಗರದ ನಮ್ಮ ಬೀದಿಯಲ್ಲಿ ಅವರಿಗೆ ಹೆಸರೇ ಇಲ್ಲ, ಬರೀ ‘ಮೇಷ್ಟ್ರು’. ಎಂಜಿನ್ ಬಗ್ಗೆ ಅವರಿಗೆ ಗೊತ್ತಿರುವುದು ಒಂದೇ ವಿಷಯ: ಅದು ಬಾನೆಟ್ಟಿನ ಕೆಳಗಿರುತ್ತದೆ. (ಕೆಲವು ಕಾರುಗಳಲ್ಲಿ ಅಲ್ಲಿಯೂ ಇರುವುದಿಲ್ಲ ಅಂತ ಹೇಳಿ ಅವರ ತಲೆ ಕೆಡಿಸಲು ನಾನು ಹೋಗಿಲ್ಲ.)

ಆದರೂ ಲೇತ್ ಅಂಗಡಿಯವನು ಫೋನ್ ಮಾಡಿ ಎಂಜಿನ್ ವಿಷಯ ಕೇಳಿದಾಗ ಉತ್ತರ ಕೊಟ್ಟರು. ಗೊತ್ತಿಲ್ಲದ ಮೇಲೆ ಯಾಕೆ ಹೇಳಿದಿರಿ ಅಂದರೆ ಅವರ ಜವಾಬು ಕೇಳಿ.

“ಕೇಳಿದ್ರಲ್ಲ. ಏನಾದ್ರೂ ಹೇಳ್ಬೇಕಲ್ಲ.”

ನನಗೆ ಇನ್ನೂ ಮೈ ಉರಿಯುತ್ತಿದೆ. ತಣ್ಣಗಾಗಿ ಬರಿ ಅಂತ ಮಗಳು ಬುದ್ಧಿ ಹೇಳಿದಳು. ತಣ್ಣಗಾದ ಮೇಲೆ ಬರೆದರೆ ಎಲ್ಲರನ್ನೂ ಕ್ಷಮಿಸಿಬಿಡುತ್ತೇನೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕಾರು ನಮ್ಮಪ್ಪನದು. ಅಪ್ಪ ಗುಂಡ್ಲುಪೇಟೆಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಊಟಿ ಘಾಟಿ ಹತ್ತುವುದು, ಆ ಕಡೆ ಕೇರಳಕ್ಕೆ ಇಳಿಯುವುದು, ಇದೇ ಅವರ ಬದುಕು. ಅಪ್ಪ ಹೋದ ಮೇಲೆ ಕಾರು ನನಗೆ ಬಂತು. ಮನೆಯಲ್ಲಿ ಸ್ಟೀರಿಂಗ್ ಹಿಡಿಯಲು ಕಲಿತವಳು ನಾನೊಬ್ಬಳೇ. ಯಾವ ಕಾರು ಅಂತ ಬರೆಯುವುದಿಲ್ಲ. (ಹಿಂದೊಮ್ಮೆ ಈ ಅಂಕಣದಲ್ಲಿ ಒಂದು ಹಳೇ ಸ್ಕೂಟರಿನ ಹೆಸರು ಬರೆದಿದ್ದೆ. ‘ಮಾರ್ತೀರಾ ಮೇಡಮ್’ ಅಂತ ಫೋನ್ ಮಾಡಿದವರಲ್ಲಿ ಒಬ್ಬರೂ ಅಂಕಣ ಓದಿರಲಿಲ್ಲ.)

ಹಳೇ ಕಾರು ಅಂದರೆ ಹೊಳೆಯುವ ಬಂಪರ್, ಫೋಟೋ, ರ‍್ಯಾಲಿ ಅಂದುಕೊಳ್ಳಬೇಡಿ. ನನಗೆ ಆ ಶೋಕಿ ಇಲ್ಲ. ಈ ಕಾರು ಓಡಬೇಕಾಗಿರುವುದು ನಮ್ಮಕ್ಕನಿಗಾಗಿ.

ಅಕ್ಕ ಗುಂಡ್ಲುಪೇಟೆಯಲ್ಲಿ ಮಗ ಸೊಸೆ ಜೊತೆ ಇದ್ದಾಳೆ. ಬಿದ್ದು ಮಂಡಿ ಮುರಿದುಕೊಂಡ ಮೇಲೆ ಅವಳ ಬಲಗಾಲು ಮಡಚುವುದಿಲ್ಲ. ಕೋಲಿನಂತೆ ನೆಟ್ಟಗೇ ನಿಲ್ಲುತ್ತದೆ. ಈಗಿನ ಕಾರುಗಳಲ್ಲಿ ಕಾಲು ಮಡಚದೆ ಒಳಗೆ ಹೋಗಲು ಆಗುವುದೇ ಇಲ್ಲ. ಒಮ್ಮೆ ಅವಳ ಮಗನ ಹೊಸ ಕಾರಿಗೆ ಹತ್ತಿಸಿದರು. ಒಬ್ಬ ಕಂಕುಳಿಗೆ ಕೈ ಹಾಕಿ ಎಳೆದ, ಇನ್ನೊಬ್ಬ ಕಾಲು ಎತ್ತಿ ತಳ್ಳಿದ, ಬೀದಿಯವರೆಲ್ಲ ನಿಂತು ನೋಡಿದರು. ಅವತ್ತಿನಿಂದ ಎಲ್ಲಿಗೆ ಕರೆದರೂ ಅಕ್ಕ ಬರುವುದಿಲ್ಲ ಅಂದುಬಿಟ್ಟಳು. ಮದುವೆ ಇಲ್ಲ, ನಾಮಕರಣ ಇಲ್ಲ, ಏನೂ ಇಲ್ಲ.

ಅಪ್ಪನ ಕಾರಿನ ಕತೆ ಬೇರೆ. ಬಾಗಿಲು ಅಗಲ. ಹಿಂದಿನ ಸೀಟು ಮನೆಯ ದಿವಾನದಷ್ಟು ಉದ್ದ, ಎತ್ತರವೂ ಹೆಚ್ಚು ಕಡಿಮೆ ಅಷ್ಟೇ. ಅಕ್ಕ ಬೆನ್ನು ಹಾಕಿ ಕೂರುತ್ತಾಳೆ, ಕೈ ಊರಿ ಹಾಗೇ ಹಿಂದಕ್ಕೆ ಸರಿಯುತ್ತಾಳೆ, ಕಾಲು ಸೀಟಿನ ಮೇಲೆ ಚಾಚಿಕೊಳ್ಳುತ್ತಾಳೆ. ಯಾರೂ ಮುಟ್ಟಬೇಕಾಗಿಲ್ಲ. ಭಾನುವಾರ ನಾನು ಹೋಗುತ್ತೇನೆ. ತೆರಕಣಾಂಬಿಯಲ್ಲಿರುವ ಅವಳ ಗೆಳತಿಯ ಮನೆ, ಇಲ್ಲದಿದ್ದರೆ ಬಂಡೀಪುರದ ರಸ್ತೆಯಲ್ಲಿ ಕಾಡು ಶುರುವಾಗುವವರೆಗೆ ಸುಮ್ಮನೆ ಒಂದು ಸುತ್ತು. ದಾರಿಯಲ್ಲಿ ಎಳನೀರು. ಚೆಂಡುಹೂವಿನ ಹೊಲ ಬಂದಾಗ ಕಿಟಕಿ ಇಳಿಸುತ್ತಾಳೆ. ವಾರದಲ್ಲಿ ಅವಳು ಹೊಸ್ತಿಲು ದಾಟುವುದು ಅದೊಂದೇ ಸಲ.

ಹೀಗಿರುವಾಗ ಕಾರು ನೀಲಿ ಹೊಗೆ ಬಿಡತೊಡಗಿತು. ಆಯಿಲ್ ಕುಡಿಯತೊಡಗಿತು. ರಿಂಗ್ ಸವೆದಿದೆ ಅಂತ ನನಗೆ ಗೊತ್ತಾಯಿತು.

ಇಲ್ಲಿ ಸ್ವಲ್ಪ ಪಾಠ ಮಾಡಬೇಕು, ಸಹಿಸಿಕೊಳ್ಳಿ. ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರು. ಪ್ರತಿಯೊಂದರ ಒಳಗೂ ಒಂದು ಪಿಸ್ಟನ್, ಸುತ್ತ ಬಳೆಯಂಥ ರಿಂಗ್ ತೊಟ್ಟುಕೊಂಡು, ಮೇಲೆ ಕೆಳಗೆ ಓಡಾಡುತ್ತದೆ. ಓಡಾಡಿ ಓಡಾಡಿ ಸಿಲಿಂಡರಿನ ಗೋಡೆ ಸವೆಯುತ್ತದೆ. ತೀರಾ ಸವೆದರೆ ಗೋಡೆಯನ್ನು ಒಂದಿಷ್ಟು ಕೊರೆದು ದೊಡ್ಡದು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ಇದಕ್ಕೆ ಬೋರ್ ಹೊಡೆಯುವುದು ಅನ್ನುತ್ತಾರೆ. (ಹೊಲದ ಬೋರ್ ಅಲ್ಲ. ಆದರೆ ಎರಡರಲ್ಲೂ ಮಿತಿ ಮೀರಿದರೆ ಗತಿ ನೆಟ್ಟಗಿರುವುದಿಲ್ಲ.) ಕಂಪನಿಯಿಂದ ಬಂದಾಗ ಇರುವುದು ಸ್ಟ್ಯಾಂಡರ್ಡ್. ಮೊದಲ ಸಲ ಕೊರೆದರೆ ಟ್ವೆಂಟಿ, ಆಮೇಲೆ ಫಾರ್ಟಿ, ಆಮೇಲೆ ಸಿಕ್ಸ್ಟಿ. ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತು, ನಲವತ್ತು, ಅರವತ್ತು ಪಾಲು, ಅಷ್ಟೇ. ಅದರಾಚೆ ಗೋಡೆ ಉಳಿಯುವುದಿಲ್ಲ. ಗೋಡೆಯ ಹಿಂದೆ ಎಂಜಿನ್ ತಣಿಸುವ ನೀರು ಇರುತ್ತದೆ.

ಹಾಗಾದರೆ ಹಳೇ ಎಂಜಿನ್ ಈಗ ಯಾವ ಸೈಜಿನಲ್ಲಿದೆ ಅಂತ ತಿಳಿಯುವುದು ಹೇಗೆ? ಪಿಸ್ಟನ್ನಿನ ತಲೆಯ ಮೇಲಿನ ಮಸಿ ಉಜ್ಜಿ ತೆಗೆದರೆ ನಂಬರು ಕಾಣುತ್ತದೆ. ಅಪ್ಪ ಅದನ್ನೂ ನಂಬುತ್ತಿರಲಿಲ್ಲ.

“ಪಿಸ್ಟನ್ ಯಾರು ಬೇಕಾರೂ ತಂದು ಆಕ್ಬೌದು ಕಣಮ್ಮಿ. ಸಿಲಿಂಡ್ರು ಕೇಳು. ಅದೂ ಮ್ಯಾಲ್ಗಡೆ ಕೇಳ್ಬ್ಯಾಡ, ತಳದಲ್ಲಿ ಕೇಳು” ಅನ್ನುತ್ತಿದ್ದರು.

ಮೇಲ್ಭಾಗದಲ್ಲಿ ರಿಂಗ್ ಉಜ್ಜಿ ಉಜ್ಜಿ ಸವೆದಿರುತ್ತದೆ, ಅಲ್ಲಿ ಅಳೆದರೆ ತಪ್ಪು ಲೆಕ್ಕ. ರಿಂಗ್ ಮುಟ್ಟದ ತಳಭಾಗ ಹಿಂದಿನ ಸಲ ಕೊರೆದಾಗ ಹೇಗಿತ್ತೋ ಹಾಗೇ ಇರುತ್ತದೆ. ಅಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಬೇಕು. ನಾಲ್ಕನ್ನೂ ಅಳೆಯಬೇಕು. ಅಪ್ಪನ ಮೈಕ್ರೋಮೀಟರ್ ಇವತ್ತಿಗೂ ನನ್ನ ಬೀರುವಿನಲ್ಲಿ ಒಡವೆ ಡಬ್ಬಿಯ ಪಕ್ಕದಲ್ಲಿದೆ.

ಇನ್ನೂ ಒಂದು ಪದ್ಧತಿ ಇತ್ತು. ಅಪ್ಪನ ಕಾಲದ ಗುಂಡ್ಲುಪೇಟೆ ಟ್ಯಾಕ್ಸಿಯವರು ಬೋರ್ ಹೊಡೆಸಿದಾಗಲೆಲ್ಲ ಎಂಜಿನ್ ಬ್ಲಾಕಿನ, ಅಂದರೆ ನಾಲ್ಕೂ ಸಿಲಿಂಡರಿರುವ ಕಬ್ಬಿಣದ ದಿಮ್ಮಿಯ, ಅಂಚಿನಲ್ಲಿ ಪಂಚ್ ಇಟ್ಟು ಒಂದು ಚುಕ್ಕಿ ಕುಟ್ಟುತ್ತಿದ್ದರು. ಒಂದು ಚುಕ್ಕಿ ಅಂದರೆ ಟ್ವೆಂಟಿ. ಎರಡು ಚುಕ್ಕಿ ಅಂದರೆ ಫಾರ್ಟಿ. ನಮ್ಮ ಕಾರಿನಲ್ಲಿ ಎರಡು ಚುಕ್ಕಿ ಇದೆ. ಮೂರನೆಯದು ಕುಟ್ಟಕೂಡದು ಅಂತ ಅಪ್ಪ ಹೇಳಿಯೇ ಹೋದರು. ಮೂರನೇ ಸಿಲಿಂಡರಿನ ಗೋಡೆ ಹುಟ್ಟಿನಿಂದಲೇ ತೆಳು, ಅದು ಸಿಕ್ಸ್ಟಿ ತಡೆಯುವುದಿಲ್ಲ.

ಇಷ್ಟೆಲ್ಲ ತಿಳಿದುಕೊಂಡೇ ನಾನು ಮಲ್ಲೇಶನ ಲೇತ್ ಅಂಗಡಿಗೆ ಕಾರು ಬಿಟ್ಟಿದ್ದು. ನಮ್ಮೂರಿನಲ್ಲಿ ಎಂಜಿನ್ ಬಿಚ್ಚಿ, ಬೋರ್ ಹೊಡೆದು, ಮತ್ತೆ ಕಟ್ಟಿ ಕೊಡುವವನು ಅವನೊಬ್ಬನೇ. ಕೈ ಚೆನ್ನಾಗಿದೆ. ಮಾತೂ ಮೃದು. ಅವನು ಎಂಜಿನ್ ಬಿಚ್ಚಿಟ್ಟ ದಿನ ನಾನು ಮೈಕ್ರೋಮೀಟರ್ ಹಿಡಿದು ಹೋದೆ.

“ಕೂತ್ಕಳಿ ಮೇಡಮ್. ಇಲ್ಲೆಲ್ಲ ಗ್ರೀಸು, ಸೀರೆಗಾಯ್ತದೆ” ಅಂತ ಕುರ್ಚಿ ಒರೆಸಿ ಫ್ಯಾನ್ ಕೆಳಗೆ ಹಾಕಿದ. (ನಾನು ತೊಟ್ಟಿದ್ದು ಚೂಡಿದಾರ. ಅದನ್ನೂ ಅವನು ನೋಡಿರಲಿಲ್ಲ.)

ನಾನು ಕೂರಲಿಲ್ಲ. ಪಿಸ್ಟನ್ ತಲೆ ಉಜ್ಜಿ ನಂಬರ್ ತೋರಿಸಿದೆ. ನಾಲ್ಕೂ ಸಿಲಿಂಡರಿನ ತಳ ಅಳೆದು ತೋರಿಸಿದೆ. ಚುಕ್ಕಿ ತೋರಿಸಿ ಅದರ ಅರ್ಥ ಹೇಳಿದೆ. “ಮಲ್ಲೇಶ್, ಇದು ಫಾರ್ಟಿಯಲ್ಲಿದೆ. ಬೋರ್ ಹೊಡೆಯೋದು ಬೇಡವೇ ಬೇಡ. ಮೂರನೇದು ತಡೆಯಲ್ಲ. ಒಳಗೋಡೆ ಹಗುರವಾಗಿ ಉಜ್ಜಿ ಹೋನಿಂಗ್ ಮಾಡಿ, ಫಾರ್ಟಿ ರಿಂಗ್ ಹಾಕಿ, ಅಷ್ಟು ಸಾಕು” ಅಂದೆ.

“ಆಯ್ತು ಮೇಡಮ್” ಅಂದ. ಆಮೇಲೆ ನನ್ನ ಹಿಂದೆ ಬಾಗಿಲ ಕಡೆ ನೋಡಿ, “ಸಾರ್ ಬರ್ನಿಲ್ವಾ?” ಅಂದ.

ನನ್ನ ನಂಬರ್ ಕೊಟ್ಟೆ. ಫೋನಿಗೆ ಹಾಕಿಕೊಂಡ. “ಸಾರ್ ನಂಬ್ರೂ ಒಂದಿರ್ಲಿ” ಅಂದ. ಕೊಟ್ಟೆ. ಕೊಡಬಾರದಿತ್ತು.

ಮಾರನೇ ದಿನ ಅಕ್ಕನನ್ನು ನೋಡಲು ನಾನು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದೆ. ಆಗ ಇಲ್ಲಿ ನಡೆದದ್ದು ಇದು. ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಮನೆಯವರ ಫೋನು ಎಲ್ಲ ಮಾತನ್ನೂ ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುತ್ತದೆ. (ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.)

“ಸಾರ್, ಮೇಡಮ್ಮು ಫಾರ್ಟಿ ಅಂತಾವ್ರೆ. ನೀವೇನಂತೀರಿ?”

“ಫಾರ್ಟಿನಾ? ಏನಾದ್ರೂ ಗುರುತಿದ್ಯಾ ಅಲ್ಲಿ?”

“ಬ್ಲಾಕ್ ಮ್ಯಾಲೆ ಎರಡು ಚುಕ್ಕಿ ಕುಟ್ಟವ್ರೆ ಸಾರ್.”

ಇಲ್ಲಿ ಕಾಫಿ ಹೀರುವ ಸದ್ದು. ಮೇಷ್ಟ್ರು ಯೋಚಿಸುತ್ತಿದ್ದಾರೆ.

“ಎರಡು ಅಂದ್ರೆ ಟ್ವೆಂಟಿ ಇರ್ಬೇಕು, ಅಲ್ವಾ?”

“ಸರಿ ಸಾರ್. ಅಂಗಾರೆ ಫಾರ್ಟಿಗೆ ಬೋರ್ ಒಡ್ದ್ಬುಡ್ಲಾ? ಒಸಾದಾಯ್ತದೆ.”

“ಹೊಸದಾಗೋದಾದ್ರೆ ಒಳ್ಳೇದೇ ಅಲ್ವಾ. ಹೊಡೀರಿ.”

ನೋಡಿದಿರಾ ಲೆಕ್ಕ? ಎರಡು ಚುಕ್ಕಿ, ಆದ್ದರಿಂದ ಇಪ್ಪತ್ತು. ಪರೀಕ್ಷೆಯಲ್ಲಿ ಹುಡುಗನೊಬ್ಬ ಹೀಗೆ ಬರೆದಿದ್ದರೆ ಇದೇ ಮೇಷ್ಟ್ರು ಕೆಂಪು ಇಂಕಿನಲ್ಲಿ ಗೀಚಿರುತ್ತಿದ್ದರು.

ಎರಡನೇ ಫೋನು ಸ್ವಲ್ಪ ಹೊತ್ತು ಬಿಟ್ಟು ಬಂದದ್ದು. ಅದನ್ನು ನಾನು ಎರಡೆರಡು ಸಲ ಹಾಕಿ ಕೇಳಿದೆ.

“ಸಾರ್, ಫಾರ್ಟಿಗೆ ಸೆಟ್ ಮಾಡಿ ಕಟ್ಟರ್ ಇಳಿಸ್ದೆ. ಗೋಡೆಗೆ ತಾಗ್ತಾನೇ ಇಲ್ಲ. ಸುಮ್ನೆ ಗಾಳೀಲಿ ತಿರುಗ್ತದೆ.”

ಇಲ್ಲಿ ಒಂದು ನಿಮಿಷ ನಿಲ್ಲಿ. ಫಾರ್ಟಿಗೆ ಇಟ್ಟ ಕಟ್ಟರ್ ಗೋಡೆಗೆ ತಾಗುತ್ತಿಲ್ಲ ಅಂದರೆ ಅರ್ಥವೇನು? ಆ ಸಿಲಿಂಡರು ಮೊದಲೇ ಫಾರ್ಟಿಯಲ್ಲಿದೆ ಅಂತ. ನಾನು ಹೇಳಿದ್ದು ಅದನ್ನೇ. ಪಿಸ್ಟನ್ ಹೇಳಿತು, ಮೈಕ್ರೋಮೀಟರ್ ಹೇಳಿತು, ಅಪ್ಪನ ಚುಕ್ಕಿ ಹೇಳಿತು. ಕೊನೆಗೆ ಮಲ್ಲೇಶನ ಸ್ವಂತ ಮೆಷೀನೇ ಬಾಯಿಬಿಟ್ಟು ಹೇಳಿತು. ಆಗಲಾದರೂ ನನಗೆ ಫೋನ್ ಮಾಡಬಹುದಿತ್ತಲ್ಲ? ನನ್ನ ನಂಬರೂ ಅದೇ ಫೋನಿನಲ್ಲಿತ್ತಲ್ಲ?

ಮಾಡಿದ್ದು ಮೇಷ್ಟ್ರಿಗೆ. ಮೇಷ್ಟ್ರು ಕೊಟ್ಟ ಅಪ್ಪಣೆ ಇದು:

“ತಾಗ್ತಿಲ್ವಾ? ಹಾಗಾದ್ರೆ ತಾಗೋವರೆಗೂ ಹೋಗಿ.”

ಹೋದ. ಸಿಕ್ಸ್ಟಿವರೆಗೂ ಹೋದ. ನಾಲ್ಕಕ್ಕೂ ಹೋದ.

ಸಂಜೆ ಬಸ್ಸಿಳಿದವಳು ನೇರ ಅಂಗಡಿಗೆ ಬಂದೆ. ಸಿಲಿಂಡರುಗಳು ಫಳಫಳ ಹೊಳೆಯುತ್ತಿದ್ದವು. ಒಳಗೆ ಬೆರಳಿಡುವ ಮೊದಲೇ ಕೊರೆದಿದ್ದಾನೆ ಅಂತ ನನಗೆ ಗೊತ್ತಾಯಿತು. ಮಲ್ಲೇಶ ಬ್ಲಾಕಿಗೆ ನೀರು ತುಂಬಿಸಿ ಪರೀಕ್ಷೆ ಮಾಡುತ್ತಿದ್ದ. ಒಂದು, ಎರಡು, ನಾಲ್ಕು ಒಣಗಿದ್ದವು. ಮೂರನೆಯದರ ಗೋಡೆಯ ಮೇಲೆ ಸಣ್ಣ ಹನಿ ಮೂಡಿ, ದಪ್ಪವಾಗಿ, ಕೆಳಗೆ ಜಾರಿತು. ಆ ಜಾಗದಲ್ಲೇ ಇನ್ನೊಂದು ಮೂಡಿತು.

“ಒಂಚೂರು ಬೆವರ್ತದೆ ಮೇಡಮ್” ಅಂದ.

“ಸಾರ್ನ ಕೇಳ್ಕಂಡೇ ಒಡ್ದಿದ್ದು” ಅಂತಲೂ ಸೇರಿಸಿದ. ನಾನು ಬಾಯಿಗೆ ಬಂದಂತೆ ಬೈದೆ. ಪಕ್ಕದ ವೆಲ್ಡಿಂಗ್ ಅಂಗಡಿಯವರು ಕೆಲಸ ನಿಲ್ಲಿಸಿ ನೋಡಿದರು. ಬೈದು ಸುಸ್ತಾದ ಮೇಲೆ ಕೇಳಿದೆ: “ನಿಮ್ಮ ಹತ್ತಿರ ಗೇಜ್ ಇದೆ. ನನ್ನ ಮಾತು ಬೇಡ, ಅವರ ಮಾತೂ ಬೇಡ. ಒಂದು ಸಲ ನೀವೇ ಯಾಕೆ ಅಳೀಲಿಲ್ಲ?”

ಅವನು ತಲೆ ತಗ್ಗಿಸಿದ. ತುಂಬಾ ವಿನಯದಿಂದ ಹೇಳಿದ: “ಸಾರ್ ಯೋಳಿದ್ಮ್ಯಾಲೂ ಅಳೆಯಕ್ಕೋದ್ರೆ ಚೆಂದಾಗಿರ್ತದಾ ಮೇಡಮ್? ಅವ್ರ ಮಾತ ನಂಬ್ನಿಲ್ಲ ಅಂದಂಗಾಗಲ್ವಾ?”

ಕೇಳಿದಿರಾ? ನಾನು ಅಳೆದು ತೋರಿಸಿದ್ದನ್ನು ನಂಬದಿರುವುದು ತಪ್ಪಲ್ಲ. ಅವರು ಅಳೆಯದೆ ಹೇಳಿದ್ದನ್ನು ಅಳೆಯುವುದು ಅವಮರ್ಯಾದೆ. ಮಲ್ಲೇಶ ಮರ್ಯಾದೆಸ್ಥ. ಮರ್ಯಾದೆಗಾಗಿ ಒಂದು ಒಳ್ಳೆಯ ಬ್ಲಾಕನ್ನು ತೂತು ಮಾಡಿದ.

ಮನೆಗೆ ಬಂದು ಯಜಮಾನರಿಗೆ ರೆಕಾರ್ಡಿಂಗ್ ಕೇಳಿಸಿದೆ. ಆಗಲೇ ಅವರು ಮೇಲಿನ ಆ ಮುತ್ತಿನಂಥ ಮಾತು ಆಡಿದ್ದು. ಕೇಳಿದ್ರಲ್ಲ, ಏನಾದ್ರೂ ಹೇಳ್ಬೇಕಲ್ಲ.

“ಗೊತ್ತಿಲ್ಲ ಅನ್ನೋಕೆ ಏನಾಗಿತ್ತು?” ಅಂದೆ.

“ಅಷ್ಟು ದೂರದಿಂದ ಫೋನ್ ಮಾಡಿ ಕೇಳ್ತಾರೆ. ಗೊತ್ತಿಲ್ಲ ಅಂದ್ರೆ ಅವರಿಗೆ ಬೇಜಾರಾಗಲ್ವೇನೇ?” ಅಂದರು.

ಅಷ್ಟು ದೂರ ಅಂದರೆ ನಮ್ಮ ಮನೆಯಿಂದ ಎರಡು ಬೀದಿ ಆಚೆ.

ನಮ್ಮ ಕಡೆಯ ಗಂಡಸರಿಗೆ ಈ ಒಂದು ಪದ ಯಾಕೆ ಬಾಯಿಗೆ ಬರುವುದಿಲ್ಲ? ಗೊತ್ತಿಲ್ಲ. ಮೂರೇ ಅಕ್ಷರ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಯಾರನ್ನಾದರೂ ದಾರಿ ಕೇಳಿ ನೋಡಿ. ಗೊತ್ತಿಲ್ಲ ಅನ್ನುವ ಒಬ್ಬನೇ ಒಬ್ಬ ಸಿಕ್ಕಿದರೆ ನನಗೆ ತಿಳಿಸಿ. ಕೈ ಎತ್ತಿ ಯಾವುದಾದರೂ ಒಂದು ದಿಕ್ಕು ತೋರಿಸಿಯೇ ತೋರಿಸುತ್ತಾರೆ. ತೆರಕಣಾಂಬಿಗೆ ಹೋಗಬೇಕಾದ ನಮ್ಮ ಬೀಗರನ್ನು ಹೀಗೇ ಒಬ್ಬ ಪುಣ್ಯಾತ್ಮ ಊಟಿ ರಸ್ತೆಗೆ ಹತ್ತಿಸಿದ್ದ. ಚೆಕ್‌ಪೋಸ್ಟ್ ಬಂದ ಮೇಲೆ ಅವರಿಗೆ ಅನುಮಾನ ಬಂತು.

ನಮ್ಮ ಮೇಷ್ಟ್ರಂತೂ ಊರಿಗೇ ಉತ್ತರ ಕೊಡುವ ಕಂಟ್ರಾಕ್ಟ್ ಹಿಡಿದಿದ್ದಾರೆ. ಕುದೇರಿನಿಂದ ಅವರ ಹಳೇ ಶಿಷ್ಯ ಬರುತ್ತಾನೆ, ಅರಿಸಿನದ ಎಲೆಗೆ ಚುಕ್ಕೆ ಬಿದ್ದಿದೆ ಏನು ಹೊಡೆಯಲಿ ಅನ್ನುತ್ತಾನೆ. ಸಮಾಜ ವಿಜ್ಞಾನದ ಮೇಷ್ಟ್ರು ಔಷಧಿ ಹೇಳುತ್ತಾರೆ. ಹರವೆಯಿಂದ ಅವರ ಚಿಕ್ಕಪ್ಪ ಫೋನ್ ಮಾಡಿ ಬಿಪಿ ಮಾತ್ರೆ ಬೆಳಗ್ಗೆಯೋ ಸಂಜೆಯೋ ಅನ್ನುತ್ತಾರೆ. ಅದಕ್ಕೂ ಉತ್ತರ ರೆಡಿ. ಇಷ್ಟು ವರ್ಷ ನಾನು ಇದನ್ನು ನೋಡಿ ನಗುತ್ತಿದ್ದೆ. ಅರಿಸಿನ ಪಾಪ ಹೇಗೋ ಬೆಳೆದುಕೊಂಡಿತು. ಚಿಕ್ಕಪ್ಪ ಯಾವ ಹೊತ್ತಿಗೋ ಮಾತ್ರೆ ನುಂಗಿ ಗಟ್ಟಿಯಾಗಿದ್ದಾರೆ. ಕಬ್ಬಿಣಕ್ಕೆ ಆ ದಾಕ್ಷಿಣ್ಯ ಇಲ್ಲ. ಒಮ್ಮೆ ಕೊರೆದದ್ದು ಮತ್ತೆ ತುಂಬುವುದಿಲ್ಲ.

ಇದರಲ್ಲಿ ಇನ್ನೊಂದು ಅರ್ಧ ಇದೆ. ಗೊತ್ತಿಲ್ಲ ಅನ್ನದವರು ಒಂದು ಕಡೆ. ಗೊತ್ತಿದ್ದವಳನ್ನು ಕೇಳದವರು ಇನ್ನೊಂದು ಕಡೆ. ಬ್ಯಾಂಕಿನಲ್ಲಿ ನನ್ನ ಖಾತೆಯ ವಿಷಯ ಅವರಿಗೆ ಹೇಳುತ್ತಾರೆ. ಮನೆಗೆ ಬಂದ ಪ್ಲಂಬರ್ ಅಡುಗೆಮನೆಯ ನಲ್ಲಿ ಎಲ್ಲಿ ಸೋರುತ್ತದೆ ಅಂತ ಅವರನ್ನು ಕೇಳುತ್ತಾನೆ. (ಅಡುಗೆಮನೆಯಲ್ಲಿ ನಲ್ಲಿ ಎಲ್ಲಿದೆ ಅನ್ನುವುದೇ ಅವರಿಗೆ ಸಂಶಯ.) ಓದುಗ ಅಕ್ಕತಂಗಿಯರೇ, ನಿಮ್ಮ ಮನೆಯ ಕತೆಯೂ ಇದೇ ಅಲ್ಲವೇ? ಮರ್ಯಾದೆಯಿಂದ ಕುರ್ಚಿ ಹಾಕುತ್ತಾರೆ, ಫ್ಯಾನ್ ತಿರುಗಿಸುತ್ತಾರೆ, ಟೀ ತರಿಸುತ್ತಾರೆ, ಆಮೇಲೆ ಸಾರ್ ಎಲ್ಲಿ ಅನ್ನುತ್ತಾರೆ. ಆ ಕುರ್ಚಿಯನ್ನು ಎತ್ತಿ ಹೊರಗೆಸೆಯಬೇಕು ಅನ್ನಿಸುತ್ತದೆ.

ಅಕ್ಕನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ.

“ಓಗ್ಲಿ ಬುಡಮ್ಮಿ. ಮೇಷ್ಟ್ರುನ ಬಯ್ಬ್ಯಾಡ. ನಾನೇನು ಎಲ್ಗೂ ಓಗ್ಲೇಬೇಕು ಅಂತಿಲ್ಲ” ಅಂದಳು.

ಆಮೇಲೆ, “ಭಾನ್ವಾರ ಬಸ್ಸಲ್ಲಿ ಬತ್ತೀಯೇನಮ್ಮಿ? ಇಲ್ಲೇ ಜಗ್ಲಿ ಮ್ಯಾಲೆ ಕೂತ್ಕಳನ” ಅಂದಳು.

ನನಗೆ ಅಳು ಬಂತು. ಸಿಟ್ಟಿನ ಅಳು. ಎಲ್ಲಿಗೂ ಹೋಗಲೇಬೇಕು ಅಂತಿಲ್ಲ ಅಂತ ಅವಳು ಇಷ್ಟು ಸುಲಭವಾಗಿ ಹೇಳಬಾರದು. ಹೋದ ಭಾನುವಾರ ಹೋದಾಗ ಅವಳ ಹೊರಗೆ ಹೋಗುವ ಚಪ್ಪಲಿ ಬಾಗಿಲ ಪಕ್ಕ ಇರಲಿಲ್ಲ, ಒಳಗೆ ಮಂಚದ ಕೆಳಗೆ ತಳ್ಳಿಟ್ಟಿದ್ದರು. ಯಾರು ಇಟ್ಟದ್ದು ಅಂತ ಸೊಸೆಯನ್ನು ಕೇಳಿದೆ. ಅತ್ತೆಯೇ ಇಡಿಸಿದರು ಅಂದಳು.

ಎಂಜಿನ್ ಉಳಿಸಲು ಒಂದು ದಾರಿ ಇನ್ನೂ ಇದೆ. ಲೈನರ್. ಸಿಲಿಂಡರಿನ ಒಳಗೆ ತೆಳುವಾದ ಕಬ್ಬಿಣದ ಕೊಳವೆ ಬಿಗಿಯಾಗಿ ಕೂರಿಸಿ, ಹೊಸ ಗೋಡೆ ಮಾಡಿ, ಮತ್ತೆ ಸ್ಟ್ಯಾಂಡರ್ಡ್ ಸೈಜಿಗೆ ತರುವುದು. ಕೊಯಮತ್ತೂರಿನಲ್ಲಿ ಮಾಡಿಕೊಡುತ್ತಾರಂತೆ. ಆದರೆ ಒಳಗಿನ ಅಳತೆ, ಹೊರಗಿನ ಅಳತೆ ಎರಡೂ ಕರಾರುವಾಕ್ಕಾಗಿ ಹೇಳಬೇಕು. ಕೂದಲೆಳೆ ಹೆಚ್ಚಾದರೆ ಬ್ಲಾಕ್ ಬಿರಿಯುತ್ತದೆ, ಕಡಿಮೆಯಾದರೆ ಕೊಳವೆ ಜಾರುತ್ತದೆ. ಇದು ಕೊನೆಯ ಅವಕಾಶ. ಅಳತೆ ನಾನೇ ತೆಗೆದು ಕೊಡುತ್ತೇನೆ, ನಾನು ಬರುವವರೆಗೆ ಏನೂ ಮುಟ್ಟಬೇಡಿ ಅಂತ ಮಲ್ಲೇಶನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ.

ಮೊನ್ನೆ ಬೆಳಗ್ಗೆ ಫೋನ್ ಬಂತು. ಕಾಫಿ ಹೊತ್ತಿಗೇ. ನನಗಲ್ಲ, ಮೇಷ್ಟ್ರಿಗೆ. ನಾನು ಎದುರಿಗೇ ಕೂತಿದ್ದೆ. ಸ್ಪೀಕರ್ ಹಾಕಿ ಅಂತ ಕಣ್ಣಲ್ಲೇ ಹೇಳಿದೆ.

“ಸಾರ್, ಲೈನರ್ ಸೈಜು ಎಷ್ಟಂತ ಯೋಳನ ಕೊಯಮತ್ತೂರ್ಗೆ?”

ನಮ್ಮ ಮನೆಯವರು ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿದರು. ಹಣೆ ಒರೆಸಿಕೊಂಡರು. ಅವರಿಗೆ ಎಷ್ಟು ಕಷ್ಟವಾಗುತ್ತಿದೆ ಅಂತ ಕಾಣುತ್ತಿತ್ತು. ಕೊನೆಗೆ ಹೇಳಿದರು.

“ನನಗೆ ಗೊತ್ತಿಲ್ಲ ಮಲ್ಲೇಶ. ಅದೆಲ್ಲ ಇವಳಿಗೇ ಗೊತ್ತಿರೋದು. ಇವಳನ್ನೇ ಕೇಳು.”

ನಮ್ಮ ದಾಂಪತ್ಯದಲ್ಲಿ ಆ ಮಾತನ್ನು ನಾನು ಕೇಳಿದ್ದು ಇದೇ ಮೊದಲು. ಸಿಟ್ಟಿನಲ್ಲೂ ಅವರ ಮೇಲೆ ಒಂದು ಚೂರು ಪ್ರೀತಿ ಬಂತು, ಸುಳ್ಳು ಯಾಕೆ ಹೇಳಲಿ. ಫೋನ್ ತೆಗೆದುಕೊಳ್ಳಲು ಕೈ ಚಾಚಿದೆ.

ಅಷ್ಟರಲ್ಲಿ ಆ ಕಡೆಯಿಂದ ಮಲ್ಲೇಶನ ಅದೇ ಮೃದುವಾದ ದನಿ ಬಂತು.

“ಪರ್ವಾಗಿಲ್ಲ ಬುಡಿ ಸಾರ್. ಮುಂದಿನ್ವಾರ ನಿಮ್ಮಳಿಯಂದ್ರು ಬತ್ತರಲ್ಲ, ಅವರ್ನೇ ಕೇಳ್ತೀನಿ.”

ನಮ್ಮ ಅಳಿಯ ಬಂಗಾರದಂಥ ಹುಡುಗ. ಡ್ರೈವಿಂಗ್ ಬರುವುದಿಲ್ಲ. ಪೆಟ್ರೋಲ್ ವಾಸನೆಗೆ ವಾಂತಿ ಮಾಡಿಕೊಳ್ಳುತ್ತಾನೆ.

ನಾಳೆ ಭಾನುವಾರ. ಬಸ್ಸಿನಲ್ಲಿ ಹೋಗುತ್ತೇನೆ, ಜಗಲಿಯ ಮೇಲೆ ಅಕ್ಕನ ಪಕ್ಕ ಕೂರುತ್ತೇನೆ. ಕಾರು ಯಾವಾಗ ಬರುತ್ತದಮ್ಮಿ ಅಂತ ಅವಳು ಬಾಯಿಬಿಟ್ಟು ಕೇಳುವುದಿಲ್ಲ, ರಸ್ತೆ ನೋಡುತ್ತಾಳೆ. ಅವಳಿಗೆ ನಾನು ಏನು ಹೇಳಲಿ, ನಮ್ಮ ಅಳಿಯನನ್ನು ಕೇಳು ಅಂತಲೇ?